ಎಣ್ಣೆಯ ಬಟ್ಟಲು ಪಾದದ ಬಳಿ ಇರಲಿ

ಹಾಸನ

ಪ್ರಿಯ ಗೆಳೆಯ,

ಮೂಡಿಗೆರೆಯಿಂದ ನೀನು ಬರೆದ ಪತ್ರವನ್ನು ನಿನ್ನೆ ರಾತ್ರಿ ಎರಡು ಸಲ ಓದಿದೆ. ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮಗ ಬೆಂಗಳೂರಿನಿಂದ ಮನೆಗೆ ಬಂದು ಹನ್ನೆರಡು ದಿನಗಳಾದವು, ಹಗಲು ಹೇಗೋ ಕಳೆಯುತ್ತದೆ, ಇರುಳಾದರೆ ಹೆಗಲು ಸೆಟೆದುಕೊಂಡು ಅಳುತ್ತಾನೆ, ಅಜ್ಜಿ ಬಿಸಿ ಎಣ್ಣೆಯ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿರುತ್ತಾರೆ, ಬೇಡವೆನ್ನಲು ಬಾಯಿ ಬರುವುದಿಲ್ಲ ಎಂದು ಬರೆದಿದ್ದೀಯ. ಮೂರು ವರ್ಷಗಳ ಹಿಂದೆ ನನ್ನ ಮಗಳಿಗೆ ಇದೇ ಚಿಕಿತ್ಸೆಯಾದಾಗ ನಮ್ಮ ಮನೆಯ ಬಾಗಿಲಲ್ಲೂ ಅದೇ ಬಟ್ಟಲಿತ್ತು. ಅಜ್ಜಿಯನ್ನು ಹಿಂದಕ್ಕೆ ಕಳುಹಿಸಬೇಡ, ಆದರೆ ಅವರ ಕೈಯನ್ನು ಹುಡುಗನ ಬೆನ್ನಿನ ಮೇಲೆ ಬೀಳಲು ಬಿಡದೆ ಪಾದದ ಬಳಿ ಕೂರಿಸು.

ಬಾಗಿದ ಬೆನ್ನನ್ನು ನೆಟ್ಟಗೆ ಮಾಡುವಾಗ ವೈದ್ಯರು ಬೆನ್ನುಮೂಳೆಯ ಎರಡೂ ಬದಿಯ ಸ್ನಾಯುಗಳನ್ನು ಮೂಳೆಯಿಂದ ಬಿಡಿಸಿ, ಬೆನ್ನಿನ ಮಣಿಗಳಾದ ಕಶೇರುಗಳಿಗೆ ಸ್ಕ್ರೂ ಕೂರಿಸಿ, ಲೋಹದ ಸರಳು ಜೋಡಿಸಿ, ಮೂಳೆಯ ಚೂರುಗಳನ್ನು ಹರಡಿರುತ್ತಾರೆ. ಆ ಚೂರುಗಳು ಕಶೇರುಗಳನ್ನು ಒಂದಕ್ಕೊಂದು ಬೆಸೆಯಲು ಆರು ತಿಂಗಳಿಂದ ಒಂದು ವರ್ಷ ಬೇಕು. ಅಲ್ಲಿಯವರೆಗೆ ಬೆನ್ನನ್ನು ಹಿಡಿದಿರುವುದು ಸರಳು ಮಾತ್ರ. ವರ್ಷಗಳ ಕಾಲ ಒಂದು ಬದಿಗೆ ಕುಗ್ಗಿ, ಇನ್ನೊಂದು ಬದಿಗೆ ಹಿಗ್ಗಿ ಅಭ್ಯಾಸವಾಗಿದ್ದ ಸ್ನಾಯುಗಳು ಒಂದೇ ದಿನದಲ್ಲಿ ಹೊಸ ಅಳತೆಗೆ ಹೊಂದಿಕೊಳ್ಳಬೇಕಾಗಿ ಬಂದುದರಿಂದ ಅವು ಬಿಗಿದುಕೊಳ್ಳುತ್ತವೆ, ನೋವಿಗೆ ಹೆದರಿದ ಮಗು ಕತ್ತು ಹೆಗಲುಗಳನ್ನು ತಾನೇ ಮತ್ತಷ್ಟು ಬಿಗಿಹಿಡಿಯುತ್ತದೆ. ನಿನ್ನ ಮಗ ರಾತ್ರಿ ಹೇಳುವ ಸೆಳೆತದಲ್ಲಿ ಹೆಚ್ಚಿನ ಪಾಲು ಇದೇ ಇರಬೇಕು.

ಇದೊಂದೂ ತಿಳಿಯದೆ ಎರಡನೆಯ ವಾರ ನಾನೇ ಮಗಳ ಹೆಗಲ ಮೂಳೆಗಳ ನಡುವೆ ಬೆಚ್ಚಗಿನ ಕೊಬ್ಬರಿ ಎಣ್ಣೆ ಹಾಕಿ ಒತ್ತಿದೆ. ಪಟ್ಟಿಯ ಅಂಚು ಎಣ್ಣೆಗೆ ಬಿಟ್ಟುಕೊಂಡಿತು, ಅವಳು ಕಿರುಚಿದಳು, ಆಮೇಲೆ ಮೂರು ದಿನ ಯಾರ ಕೈಯನ್ನೂ ಹತ್ತಿರ ಬಿಡಲಿಲ್ಲ. ಮಾಗದ ಗಾಯಕ್ಕೆ ಎಣ್ಣೆ ತಾಗಿಸುವುದೆಂದರೆ ಸೋಂಕನ್ನು ಕರೆದಂತೆ ಎಂದು ವೈದ್ಯರು ಫೋನಿನಲ್ಲಿ ಗದರಿದರು. ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಹಾಳೆಯಲ್ಲಿ ಮಾತ್ರೆಗಳ ಹೊತ್ತು ಗೊತ್ತೆಲ್ಲ ಇತ್ತು, ಮಗುವನ್ನು ಎಲ್ಲಿ ಮುಟ್ಟಬಹುದು ಎಂಬ ಒಂದು ಸಾಲೂ ಇರಲಿಲ್ಲ. ಆ ನೋವು ನನಗೆ ಇಂದಿಗೂ ಇದೆ, ಈ ಪತ್ರ ಇಷ್ಟು ಉದ್ದವಾಗುತ್ತಿರುವುದೂ ಅದರಿಂದಲೇ.

ಮುಂದೆ ನಮ್ಮ ಫಿಸಿಯೋಥೆರಪಿಸ್ಟ್ ಒಬ್ಬರು ದಾರಿ ತೋರಿಸಿದರು. ಕಾಲ್ಬೆರಳು ಎಡವಿದಾಗ ಕೈ ತಾನಾಗಿ ಹೋಗಿ ಅಲ್ಲಿ ಉಜ್ಜುತ್ತದೆಯಲ್ಲ, ಅದಕ್ಕೊಂದು ಕಾರಣವನ್ನು ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಮುಂದಿಟ್ಟರು: ಸ್ಪರ್ಶದ ಸಂದೇಶ ಹೊತ್ತ ದಪ್ಪ ನರತಂತುಗಳು ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೆ ಬಾಗಿಲನ್ನು ಕಿರಿದು ಮಾಡುತ್ತವೆ. ಮಸಾಜ್ ಮೂಳೆಯನ್ನು ಬೇಗ ಬೆಸೆಯುವುದಿಲ್ಲ, ಅಂಥ ಆಸೆ ಇಟ್ಟುಕೊಳ್ಳಬೇಡ. ಪಾದ ಹಿಡಿದರೂ ಮಗುವಿನ ಉಸಿರು ನಿಧಾನವಾಗುತ್ತದೆ, ಹೆಗಲು ಸಡಿಲವಾಗುತ್ತದೆ, ನಿದ್ದೆ ಹತ್ತುತ್ತದೆ. ಇದನ್ನು ನಾನು ಎಷ್ಟೋ ರಾತ್ರಿ ಕಂಡಿದ್ದೇನೆ.

ರಾತ್ರಿಯ ನೋವಿನ ಮಾತ್ರೆ ಕೊಟ್ಟು ಅರ್ಧ ಗಂಟೆ ಕಳೆಯಲಿ. ಅವನನ್ನು ಮಗ್ಗುಲಿಗೆ ತಿರುಗಿಸುವಾಗ ಹೆಗಲೂ ಸೊಂಟವೂ ಮರದ ದಿಮ್ಮಿ ಉರುಳಿದಂತೆ ಒಟ್ಟಿಗೇ ತಿರುಗಬೇಕು, ನಡು ತಿರುಚಬಾರದು. ಮೊಣಕಾಲುಗಳ ನಡುವೆ ದಿಂಬಿಡು. ಬಳಿಕ “ಪಾದ ಹಿಡಿಯಲಾ?” ಎಂದು ಕೇಳು. ಬೇಡವೆಂದರೆ ಅಂದಿಗೆ ಬಿಡು. ಆಸ್ಪತ್ರೆಯಲ್ಲಿ ಸೂಜಿ ಹಾಕಿದವರು, ಪಟ್ಟಿ ಬದಲಿಸಿದವರು, ಎಬ್ಬಿಸಿ ನಡೆಸಿದವರು ಎಲ್ಲರೂ ಅವನನ್ನು ಕೇಳದೆಯೇ ಮೈ ಮುಟ್ಟಿದ್ದಾರೆ; ಹದಿಮೂರು ವರ್ಷದ ಹುಡುಗನಿಗೆ ತನ್ನ ಮೈ ತನ್ನದೆಂಬ ಭಾವ ಮರಳಿ ಬರಬೇಕು. ನನ್ನ ಮಗಳು ಮೊದಲ ಸಲ “ಬೇಡ” ಎಂದಾಗ ನಾನು ಸುಮ್ಮನೆ ಎದ್ದುಹೋದೆ, ಮಾರನೆಯ ದಿನ ಅವಳೇ ಕಾಲು ಚಾಚಿದಳು. ಹತ್ತು ನಿಮಿಷ ಸಾಕು. ತೀಡುವುದು ಬೇಡ, ಅಂಗೈ ಪೂರ್ತಿ ಇಟ್ಟು ನಿಧಾನವಾಗಿ ಸವರಬೇಕು. ಕೈಗಳನ್ನೂ ಹೀಗೇ ಹಿಡಿಯಬಹುದು. ಮೀನಖಂಡ ಊದಿಕೊಂಡು, ಕೆಂಪಾಗಿ, ಮುಟ್ಟಿದರೆ ನೋಯುತ್ತಿದ್ದರೆ ಮಾತ್ರ ಅದನ್ನು ಉಜ್ಜದೆ ಕೂಡಲೇ ವೈದ್ಯರಿಗೆ ತಿಳಿಸು, ರಕ್ತ ಹೆಪ್ಪುಗಟ್ಟಿರಬಹುದು. ಜ್ವರ, ಗಾಯದಿಂದ ಸೋರಿಕೆ, ಕಾಲಿನ ಮರಗಟ್ಟುವಿಕೆ ಕಂಡರೂ ಹಾಗೆಯೇ.

ಕತ್ತು ಹೆಗಲುಗಳ ಮೇಲೆ ಕೈಯಿಡುವುದು ಶಸ್ತ್ರಚಿಕಿತ್ಸಕರು ಒಪ್ಪಿದ ಮೇಲೆ. ಗಾಯ ಪೂರ್ತಿ ಮುಚ್ಚಿ, ಹೊಪ್ಪಳೆ ಉದುರಿ, ಅವರು ಸರಿ ಎಂದ ನಂತರ, ಸಾಮಾನ್ಯವಾಗಿ ಆರು ವಾರಗಳ ಸುಮಾರಿಗೆ, ಕಲೆಯ ಮೇಲೆ ಬೆರಳ ತುದಿಯಿಂದ ಸಣ್ಣ ಸುತ್ತು ಹಾಕುತ್ತಾ ನೀವಿದರೆ ಚರ್ಮ ಒಳಪದರಕ್ಕೆ ಅಂಟಿಕೊಳ್ಳದೆ ಮೆದುವಾಗುತ್ತದೆ. ಕಲೆಯ ಸುತ್ತ ಸ್ಪರ್ಶ ತಿಳಿಯದ ಜಾಗಗಳು ಇರುತ್ತವೆ, ಬಿಸಿ ಎಣ್ಣೆ ಸುಟ್ಟರೂ ಅವನಿಗೆ ಗೊತ್ತಾಗದು. ಎಣ್ಣೆಯನ್ನು ನಿನ್ನ ಮಣಿಕಟ್ಟಿನ ಮೇಲೆ ಹಾಕಿ ನೋಡು. ನೆಟಿಗೆ ತೆಗೆಯುವವರನ್ನೂ ಮೂಳೆ ಕೂರಿಸುವವರನ್ನೂ, ಎಷ್ಟೇ ಹೆಸರುವಾಸಿಯಾಗಿರಲಿ, ಯಾರು ಕರೆತಂದರೂ ಒಳಗೆ ಬಿಡಬೇಡ. ಇಲ್ಲಿ ತಣ್ಣೀರುಹಳ್ಳದ ಆಯುರ್ವೇದ ಆಸ್ಪತ್ರೆಯಲ್ಲಿ ಅಭ್ಯಂಗ ಮಾಡಿಸುವ ಯೋಚನೆಯಿದ್ದರೆ ಶಸ್ತ್ರಚಿಕಿತ್ಸಕರ ಲಿಖಿತ ಒಪ್ಪಿಗೆ ಮತ್ತು ಎಕ್ಸ್‌ರೇ ಜೊತೆಗಿರಲಿ.

ಮುಂದಿನ ತಿಂಗಳು ತಪಾಸಣೆಗೆ ಬೆಂಗಳೂರಿಗೆ ಹೋಗುವಾಗ ಒಂದೇ ಉಸಿರಿಗೆ ಹೋಗಬೇಡಿ. ಬೇಲೂರಿನಲ್ಲಿ ಇಳಿಸಿ ಸ್ವಲ್ಪ ನಡೆಸಿ, ರಾತ್ರಿ ನಮ್ಮಲ್ಲಿ ತಂಗಿ. ಗಟ್ಟಿ ಹಾಸಿಗೆಯ ಕೋಣೆ ಸಿದ್ಧವಾಗಿರುತ್ತದೆ. ಅಜ್ಜಿಯನ್ನೂ ಕರೆತಾ. ಪಾದ ಎಷ್ಟು ಒತ್ತಬೇಕೆಂದು ನನ್ನ ಮಗಳು ಅವರಿಗೆ ತನ್ನ ಕಾಲು ಕೊಟ್ಟೇ ತೋರಿಸುತ್ತಾಳಂತೆ.

ನಿನ್ನ ಗೆಳೆಯ