ಸಂಪಾದಕೀಯ: ಕುರ್ಚಿ ಜೋಡಿಸುವವರ ಆರಾಧನೆ

ಪ್ರಿಯ ಬಂಧುಗಳೇ,

ಬೆಳೆ ಹಬ್ಬದ ಈ ಸಂಚಿಕೆ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಇದನ್ನು ಬರೆಯಲು ಕುಳಿತಿದ್ದೇನೆ. ಹಬ್ಬದ ಇತಿಹಾಸದ ಬಗ್ಗೆ ಬರೆಯುವ ಯೋಚನೆಯಿತ್ತು. ಆದರೆ ಕಳೆದ ಶುಕ್ರವಾರ ಸಂಡೇ ಸ್ಕೂಲಿನ ಒಬ್ಬ ಹುಡುಗಿ ಕೇಳಿದ ಪ್ರಶ್ನೆ ಆ ಯೋಚನೆಯನ್ನು ಬದಿಗೆ ಸರಿಸಿಬಿಟ್ಟಿತು. "ಆಂಟಿ, ಕುರ್ಚಿ ಹಾಕುವ ಅಂಕಲ್ ಯಾವಾಗಲೂ ಹೊರಗೇ ಇರುತ್ತಾರಲ್ಲ, ಅವರು ಆರಾಧನೆ ಮಾಡುವುದು ಯಾವಾಗ?" ಎಂದು ಅವಳು ಕೇಳಿದಳು.

ಅವಳು ಹೇಳಿದ್ದು ಸರಿಯಾಗಿಯೇ ಇದೆ. ಇಲ್ಲಿ ಕುವೈತಿನಲ್ಲಿ ನಮಗೆ ಸಭಾಂಗಣ ಸಿಗುವುದು ಶುಕ್ರವಾರ ಎರಡು ಗಂಟೆಯ ಹೊತ್ತು ಮಾತ್ರ. ನಮಗಿಂತ ಮುಂಚೆ ಒಂದು ಭಾಷೆಯವರ ಆರಾಧನೆ, ನಮ್ಮ ಬಳಿಕ ಇನ್ನೊಂದು ಭಾಷೆಯವರದು. ನಡುವಿನ ಅಲ್ಪ ವೇಳೆಯಲ್ಲಿ ಕುರ್ಚಿಗಳನ್ನು ತಿರುಗಿಸಿ, ಗೀತಪುಸ್ತಕಗಳನ್ನು ಇಟ್ಟು, ಕಾಣಿಕೆಯ ಚೀಲ ಹುಡುಕಿ, ಮೈಕು ಸರಿಪಡಿಸಿ, ಕೊನೆಯ ಗೀತೆ ಶುರುವಾಗುವ ಮೊದಲೇ ಚಹಾದ ನೀರು ಕುದಿಸಬೇಕು. ಈ ಕೆಲಸಗಳನ್ನೆಲ್ಲ ಇಷ್ಟು ವರ್ಷ ಸದ್ದಿಲ್ಲದೆ ಮಾಡಿದ ನಮ್ಮ ಹಿರಿಯ ಸದಸ್ಯರು ಈ ತಿಂಗಳ ಕೊನೆಗೆ ನಿವೃತ್ತರಾಗಿ ಉಡುಪಿಗೆ ಹೊರಡುತ್ತಿದ್ದಾರೆ. ಪ್ರಸಂಗದ ಹೊತ್ತಿನಲ್ಲಿ ಅವರು ಬಾಗಿಲ ಬಳಿ ನಿಂತು, ತಡವಾಗಿ ಬಂದ ತಾಯಂದಿರ ಕೈಯಿಂದ ಮಗುವಿನ ಗಾಡಿ ಪಡೆದು ಮಡಿಸಿಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಆ ಹುಡುಗಿಗೆ ಅಂದು ನಾನು ಕೊಟ್ಟ ಉತ್ತರ ಚಿಕ್ಕದು: "ಅದೂ ಆರಾಧನೆಯೇ, ಮಗಾ." ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯದಲ್ಲಿ ನಮ್ಮ ದೇಹಗಳನ್ನೇ ಸಜೀವಯಜ್ಞವಾಗಿ ಸಮರ್ಪಿಸಬೇಕೆಂದು ಬೇಡಿಕೊಳ್ಳುತ್ತಾನೆ. ದೇಹವೆಂದ ಮೇಲೆ ಭಾರ ಎತ್ತುವ ಬೆನ್ನು, ಪಾತ್ರೆ ತೊಳೆಯುವ ಕೈ, ಪಾಳಿಯ ಕೊನೆಯಲ್ಲಿ ಸೋತ ಕಾಲು ಎಲ್ಲವೂ ಅದರಲ್ಲಿ ಸೇರಿದವು. ಆ ಅಧ್ಯಾಯದ ಮುಂದಿನ ಭಾಗವೂ ಅದನ್ನೇ ಬಿಡಿಸಿ ಹೇಳುತ್ತದೆ: ಅತಿಥಿಸತ್ಕಾರ ಮಾಡಿರಿ, ಅಳುವವರ ಸಂಗಡ ಅಳಿರಿ, ಹಸಿದ ವೈರಿಗೂ ಊಟ ಹಾಕಿರಿ.

ಈ ಮಾತನ್ನು ನಾನು ಮೊದಲು ಕಲಿತದ್ದು ನನ್ನ ಅಜ್ಜನಿಂದ. ಅಜ್ಜ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯ ಕೆಲಸಗಾರರಾಗಿದ್ದರು. ಶಾಲೆಗೆ ರಜೆ ಇದ್ದಾಗ ಅಜ್ಜಿ ಕಟ್ಟಿಕೊಟ್ಟ ಬುತ್ತಿಯನ್ನು ಅವರಿಗೆ ಒಯ್ದು ಕೊಡುವುದು ನನ್ನ ಪಾಲಿನ ಕೆಲಸವಾಗಿತ್ತು. ಕುಚ್ಚಲಕ್ಕಿ ಗಂಜಿ, ಅದರ ಮೇಲೊಂದು ಸಣ್ಣ ಬಟ್ಟಲಿನಲ್ಲಿ ಒಣಮೀನಿನ ಚಟ್ನಿ. ಗೇಟಿನ ಒಳಗೆ ಹೋದರೆ ನದಿಯ ದಂಡೆಯಿಂದ ತಂದು ರಾಶಿ ಹಾಕಿದ ಜೇಡಿಮಣ್ಣಿನ ತಣ್ಣನೆಯ ವಾಸನೆ, ಅದರ ಆಚೆ ಹಸಿ ಹೆಂಚುಗಳನ್ನು ಒಣಗಲು ಇಟ್ಟ ಉದ್ದುದ್ದ ಹಲಗೆಗಳು, ಕೊನೆಯಲ್ಲಿ ಗೂಡು. ಅಜ್ಜ ಗೂಡಿನಿಂದ ಹೊರಬಂದ ಹೆಂಚುಗಳನ್ನು ಆರಿಸುವವರ ಸಾಲಿನಲ್ಲಿ ಕುಳಿತಿರುತ್ತಿದ್ದರು. ಒಂದೊಂದೇ ಹೆಂಚನ್ನು ಎಡಗೈಯಲ್ಲಿ ಸಡಿಲವಾಗಿ ಹಿಡಿದು, ಬಲಗೈಯ ಬೆರಳಗೆಣ್ಣಿನಿಂದ ಮೆಲ್ಲಗೆ ಬಡಿದು, ತಲೆ ಸ್ವಲ್ಪ ವಾಲಿಸಿ ಕೇಳುತ್ತಿದ್ದರು. ಚೆನ್ನಾಗಿ ಬೆಂದ ಹೆಂಚು ಟಣ್ಣೆಂದು ದನಿ ಕೊಡುತ್ತಿತ್ತು. ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕಿದ್ದರೂ ದನಿ ಒಡೆದು ಮಂದವಾಗುತ್ತಿತ್ತು, ಅದು ಬೇರೆ ರಾಶಿಗೆ ಹೋಗುತ್ತಿತ್ತು.

ಒಂದು ಮಧ್ಯಾಹ್ನ, ಲಾರಿಗೆ ತುಂಬುವ ಅವಸರದಲ್ಲಿದ್ದ ಯಾರೋ ಅಜ್ಜನಿಗೆ ಬೇಗ ಬೇಗ ಬಿಡಲು ಹೇಳಿದರು. ಅಜ್ಜ ಎದುರು ಮಾತಾಡಲಿಲ್ಲ, ಕೈಯ ವೇಗವನ್ನೂ ಬದಲಿಸಲಿಲ್ಲ. ಅವರು ಆಚೆ ಹೋದ ಮೇಲೆ ನನ್ನ ಕಡೆ ತಿರುಗಿ, "ಈ ಹೆಂಚು ಯಾರ ಮನೆಯ ಮಾಡಿಗೆ ಹೋಗುತ್ತದೆ ಎಂದು ನನಗೆ ಗೊತ್ತಿಲ್ಲ ಮಗಾ. ಆಟಿಯ ಮಳೆ ಹೊಡೆಯುವಾಗ ಅದರ ಅಡಿಯಲ್ಲಿ ಒಂದು ತೊಟ್ಟಿಲು ಇರಬಹುದು. ದೇವರಿಗೆ ಗೊತ್ತಿದೆ" ಎಂದರು. ಅಷ್ಟೇ ಹೇಳಿ ಮುಂದಿನ ಹೆಂಚನ್ನು ಎತ್ತಿಕೊಂಡರು. ಭಾನುವಾರ ಬಿಳಿ ಪಂಚೆ ಉಟ್ಟು ದೇವಾಲಯಕ್ಕೆ ಬಂದು ಗೀತಪುಸ್ತಕ ಬಿಡಿಸಿದಾಗ, ಎಷ್ಟು ಉಜ್ಜಿದರೂ ಹೋಗದ ಕೆಂಪು ಮಣ್ಣು ಅವರ ಉಗುರಿನ ಸಂದಿನಲ್ಲಿ ಕಾಣುತ್ತಿತ್ತು. ನನಗೆ ಆ ಕೈಗಳೂ ಆ ಗೀತೆಗಳೂ ಇಂದಿಗೂ ಬೇರೆ ಬೇರೆಯಾಗಿ ನೆನಪಾಗುವುದಿಲ್ಲ.

ಬೆಳೆ ಹಬ್ಬದ ದಿನ ಅಕ್ಕಪಕ್ಕದವರು ಬಾಳೆಗೊನೆ, ಸೌತೆ, ಬಸಳೆಯ ಕಟ್ಟು, ಎಳನೀರು, ಕಾಲು ಕಟ್ಟಿದ ಊರಿನ ಕೋಳಿ ತರುತ್ತಿದ್ದರು; ಆರಾಧನೆಯ ಬಳಿಕ ಅಂಗಳದಲ್ಲಿ ಏಲಂ. ನಮಗೆ ಗದ್ದೆ ಇರಲಿಲ್ಲ. ಅಜ್ಜ ಒಂದು ದಿನದ ಸಂಬಳವನ್ನು ಲಕೋಟೆಯಲ್ಲಿ ಹಾಕಿ ತರಕಾರಿಗಳ ನಡುವೆ ಇಡುತ್ತಿದ್ದರು, "ನನ್ನ ಬೆಳೆ ಇದು" ಎನ್ನುತ್ತಿದ್ದರು. ಇಲ್ಲಿ ಗದ್ದೆಯಿಲ್ಲದೆ, ತಿಂಗಳ ಸಂಬಳವನ್ನೇ ಬೆಳೆಯಾಗಿ ಉಣ್ಣುವ ನಮ್ಮೆಲ್ಲರಿಗೂ ಆ ಲಕೋಟೆ ಅರ್ಥವಾಗುತ್ತದೆ.

ಕಾರ್ಖಾನೆಗೂ ದೇವಾಲಯಕ್ಕೂ ನಮ್ಮ ಕರಾವಳಿಯಲ್ಲಿ ಇರುವ ನಂಟು ಹಳೆಯದು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಮಿಶನರಿಗಳು, ಮಂಗಳೂರಿಗೆ ಬಂದಿಳಿದರು. ದೀಕ್ಷಾಸ್ನಾನ ಪಡೆದವರಲ್ಲಿ ಅನೇಕರು ಮನೆ, ಒಕ್ಕಲು, ಕುಲಕಸುಬು ಎಲ್ಲವನ್ನೂ ಕಳೆದುಕೊಂಡರು. ನಾಳೆಯ ಗಂಜಿಗೆ ದಾರಿಯಿಲ್ಲದವರ ಮುಂದೆ ಬರೀ ಪ್ರಸಂಗ ಮಾಡಲಾಗದು ಎಂಬ ಒತ್ತಡವೇ ಮಿಶನ್ನನ್ನು ನೇಯ್ಗೆಗೂ ಹೆಂಚಿಗೂ ತಂದಿತು. 1850ರ ದಶಕದಲ್ಲಿ ಹಾಲರ್ ನೇಯ್ಗೆಯ ಕಾರ್ಖಾನೆಯನ್ನು ಬೆಳೆಸಿದರು, 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅವರ ಎಲ್ಲ ನಡೆಗಳೂ ಸರಿಯಾಗಿದ್ದವೆಂದು ನಾನು ಹೇಳಲಾರೆ; ಸಭೆಯ ಹಿರಿಯರೇ ಕೆಲಸದ ಒಡೆಯರೂ ಆದಾಗ ದುಡಿಯುವವನಿಗೆ ಎದುರಾಡುವ ಧೈರ್ಯ ಎಲ್ಲಿಂದ ಬರಬೇಕು? ಆದರೂ ಬಡವನ ಅನ್ನದ ಚಿಂತೆ ಆರಾಧನೆಯ ಹೊರಗಿನ ವಿಷಯವಲ್ಲವೆಂದು ಅವರು ಕಂಡುಕೊಂಡರು ಎಂಬುದನ್ನು ನಾನು ಕೃತಜ್ಞತೆಯಿಂದ ನೆನೆಯುತ್ತೇನೆ. ನಮ್ಮ ನಾಡಿನ ನೆಲದಲ್ಲಿ ಈ ಅರಿವು ಅವರಿಗಿಂತ ಬಹಳ ಹಿಂದಿನದು. 12ನೆಯ ಶತಮಾನದ ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ತಂದಾಗ, ಲಕ್ಕಮ್ಮ ಅದನ್ನು ಮರಳಿ ಅಲ್ಲಿಯೇ ಸುರಿದು ಬರಲು ಹೇಳಿದ ಕಥೆಯನ್ನು ಶಾಲೆಯಲ್ಲಿ ಓದಿದವರು ನಾವೆಲ್ಲ. ಕಾಯಕವೇ ಕೈಲಾಸ ಎಂದು ಕೇಳುತ್ತ ಬೆಳೆದ ಕ್ರೈಸ್ತರಿಗೆ ಪೌಲನ ಮಾತು ಹೊಸದಾಗಿ ತೋರಬಾರದು.

ಬೆಳೆ ಹಬ್ಬಕ್ಕೆ ಆಧಾರವಾದ ವಚನಗಳನ್ನು ಈ ವಾರ ಮತ್ತೆ ಓದಿದೆ. ಬೈಬಲಿನ ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದಲ್ಲಿ ಪ್ರಥಮ ಫಲದ ಪುಟ್ಟಿಯನ್ನು ಯಾಜಕನ ಕೈಗೆ ಕೊಡುವ ಒಕ್ಕಲಿಗನು ತನ್ನ ಹೊಲದ ಹಿರಿಮೆಯನ್ನು ಹೇಳಿಕೊಳ್ಳುವುದಿಲ್ಲ. ತನ್ನ ಪೂರ್ವಿಕನು ನೆಲೆಯಿಲ್ಲದೆ ಅಲೆದ ಅರಾಮ್ಯನೆಂದೂ, ಐಗುಪ್ತದಲ್ಲಿ ಪರದೇಶಿಯಾಗಿದ್ದು ಬಿಟ್ಟಿ ಕೆಲಸದಲ್ಲಿ ನರಳಿದನೆಂದೂ, ದೇವರು ಆ ಕೂಗನ್ನು ಕೇಳಿದನೆಂದೂ ಹೇಳುತ್ತಾನೆ. ಅದರ ಬೆನ್ನಿಗೇ ಬರುವ ಆಜ್ಞೆ, ಅವನ ನಡುವೆ ಇರುವ ಪರದೇಶಿಯೂ ಆ ಹಬ್ಬದ ಸಂತೋಷದಲ್ಲಿ ಪಾಲುಗೊಳ್ಳಬೇಕು ಎಂಬುದು. ಯಾಜಕಕಾಂಡದ 23ನೆಯ ಅಧ್ಯಾಯವಂತೂ ಹಬ್ಬಗಳ ಪಟ್ಟಿಯ ನಡುವೆಯೇ, ಪೈರು ಕೊಯ್ಯುವಾಗ ಹೊಲದ ಅಂಚನ್ನು ಬಡವರಿಗೂ ಪರದೇಶಿಗಳಿಗೂ ಬಿಟ್ಟುಬಿಡಬೇಕೆಂದು ಹೇಳುತ್ತದೆ. ಮೋವಾಬ್ ದೇಶದಿಂದ ಬಂದ ರೂತಳು ಹಕ್ಕಲಾಯ್ದು ಬದುಕಿದ್ದು ಈ ನಿಯಮವನ್ನು ಯಾರೋ ಪಾಲಿಸುತ್ತಿದ್ದುದರಿಂದಲೇ.

ನಾವೆಲ್ಲರೂ ಇಲ್ಲಿ ಪರದೇಶಿಗಳು. ಆದರೆ ನಮ್ಮಲ್ಲಿ ಕೆಲವರ ಮನೆಯಲ್ಲಿ ಇನ್ನೊಬ್ಬ ಪರದೇಶಿ ಕೆಲಸ ಮಾಡುತ್ತಿದ್ದಾಳೆ. ಈ ದೇಶದ 2015ರ ಕಾನೂನು ಮನೆಗೆಲಸದವರಿಗೆ ವಾರಕ್ಕೊಂದು ಸಂಬಳಸಹಿತ ರಜೆ, ದಿನಕ್ಕೆ ಹೆಚ್ಚೆಂದರೆ 12 ಗಂಟೆಯ ದುಡಿಮೆ ಎಂದು ನಿಗದಿ ಮಾಡಿದೆ. ಅವರ ಪಾಸ್‌ಪೋರ್ಟನ್ನು ಯಜಮಾನರು ಇಟ್ಟುಕೊಳ್ಳುವಂತಿಲ್ಲ. ಮನೆಯವರೆಲ್ಲ ಆರಾಧನೆಗೆ ಹೊರಟಾಗ ಆಕೆ ಮಧ್ಯಾಹ್ನದ ಅಡುಗೆಗಾಗಿ ಒಳಗೆ ಉಳಿಯುತ್ತಾಳೆ ಎಂದಾದರೆ, ಆಕೆಗೆ ಬೇರೆ ಯಾವ ದಿನ ಬಿಡುವಿದೆ ಎಂಬುದನ್ನು ನಾವು ನಮ್ಮನ್ನು ಕೇಳಿಕೊಳ್ಳಬೇಕು. ಬೇತೇಲಿನಲ್ಲಿ ನಿಂತು ನುಡಿದ ಪ್ರವಾದಿ ಆಮೋಸನು ತೆಕೋವದ ಕುರುಬನಾಗಿದ್ದವನು, ಅತ್ತಿಹಣ್ಣು ಕೀಳುವವನು. ಬಡವರನ್ನು ತುಳಿಯುವವರ ಹಬ್ಬಗಳನ್ನು ದೇವರು ದ್ವೇಷಿಸುತ್ತಾನೆ, ಅವರ ಗೀತೆಗಳ ಸದ್ದನ್ನು ದೂರ ಮಾಡಿರಿ ಎನ್ನುತ್ತಾನೆ ಎಂದು ಅವನು ಹೇಳಿದ್ದು ಭಕ್ತಿಯಿಲ್ಲದವರಿಗೆ ಅಲ್ಲ, ತಪ್ಪದೆ ಕಾಣಿಕೆ ತರುತ್ತಿದ್ದವರಿಗೆ. ಈ ಭಾಗವನ್ನು ಓದುವಾಗಲೆಲ್ಲ ನನಗೆ ಭಯವಾಗುತ್ತದೆ, ಮತ್ತು ಆ ಭಯ ಒಳ್ಳೆಯದೆಂದೇ ನಾನು ನಂಬಿದ್ದೇನೆ.

ವಾರದ ಆ ಎರಡು ಗಂಟೆಯನ್ನು ಕಡಿಮೆ ಮಾಡಿ ಹೇಳುವುದು ನನ್ನ ಉದ್ದೇಶವಲ್ಲ. ಊರಿನ ರಾಗದಲ್ಲಿ, ಕನ್ನಡದಲ್ಲಿ, ನೂರಾರು ಕಂಠಗಳ ನಡುವೆ ಹಾಡಿದ ಒಂದು ಗೀತೆಯ ಬಲದಿಂದ ಇಡೀ ವಾರ ನಿಂತವರು ನಮ್ಮಲ್ಲಿದ್ದಾರೆ. ಕರ್ತನ ಭೋಜನದ ಮೇಜಿಗೆ ಬಾರದೆ ಉಳಿದರೆ ಕೈಯ ಕೆಲಸವೂ ಕ್ರಮೇಣ ಬರೀ ಕೆಲಸವಾಗಿಬಿಡುತ್ತದೆ. ಆದರೆ ಆ ಮೇಜಿನಿಂದ ಎದ್ದ ಮೇಲೆ ಹೋಗುವುದು ಎಲ್ಲಿಗೆ? 2024ರ ಜೂನ್ 12ರ ಬುಧವಾರ ಇಲ್ಲಿಯ ಮಂಗಾಫ್‌ನ ಕಾರ್ಮಿಕರ ವಸತಿಗೆ ಬೆಂಕಿ ಬಿದ್ದು 40ಕ್ಕೂ ಹೆಚ್ಚು ಭಾರತೀಯರು ಸತ್ತರು, ಅವರಲ್ಲಿ ಕಲಬುರಗಿ ಜಿಲ್ಲೆಯವರೊಬ್ಬರೂ ಇದ್ದರು. ಶುಕ್ರವಾರ ಬೆಳಿಗ್ಗೆ ಶವಪೆಟ್ಟಿಗೆಗಳು ವಾಯುಪಡೆಯ ವಿಮಾನದಲ್ಲಿ ಕೊಚ್ಚಿಗೆ ಹೊರಟವು. ಅಂದಿನ ಆರಾಧನೆಯಲ್ಲಿ ನಮ್ಮ ಯುವಕರ ಸಾಲು ಅರ್ಧ ಖಾಲಿಯಿತ್ತು. ಅವರು ಗಾಯಾಳುಗಳ ಬಳಿ, ಆಸ್ಪತ್ರೆಗಳಲ್ಲಿ ಇದ್ದರು. ಆ ಖಾಲಿ ಕುರ್ಚಿಗಳನ್ನು ನೋಡಿ ನಮ್ಮ ಸಭಾಪಾಲಕರು ಗೈರುಹಾಜರಿಯ ಮಾತೆತ್ತಲಿಲ್ಲ, ಅವರಿಗಾಗಿ ಪ್ರಾರ್ಥಿಸಿದರು.

ಇನ್ನೊಂದು ಮಾತನ್ನು ಬರೆಯದೆ ಬಿಟ್ಟರೆ ಈ ಸಂಪಾದಕೀಯ ಪ್ರಾಮಾಣಿಕವಾಗುವುದಿಲ್ಲ. ಯಜ್ಞವೇದಿಯ ಮುಂದೆ ನಿಂತಾಗ ಸಹೋದರನಿಗೆ ನಿನ್ನ ಮೇಲೆ ಏನೋ ಅಸಮಾಧಾನವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಅವನ ಬಳಿಗೆ ಹೋಗು ಎಂದು ಯೇಸು ಪರ್ವತ ಪ್ರಸಂಗದಲ್ಲಿ ಹೇಳಿದ್ದಾನೆ. ಕಳೆದ ಮಹಾಸಭೆಯ ಬಳಿಕ ಪರಸ್ಪರ ಮಾತು ಬಿಟ್ಟ ಕುಟುಂಬಗಳು ನಮ್ಮಲ್ಲಿವೆ. ಹಬ್ಬಕ್ಕೆ ಇನ್ನೂ ದಿನಗಳಿವೆ. ಒಂದು ಫೋನ್ ಕರೆಗೆ ಅಷ್ಟು ಸಾಕು.

ಜಾಗ ಮುಗಿಯುತ್ತ ಬಂತು, ಪ್ರಕಟಣೆಗಳನ್ನು ಇಲ್ಲಿಯೇ ಸೇರಿಸುತ್ತಿದ್ದೇನೆ. ಬೆಳೆ ಹಬ್ಬದ ಆರಾಧನೆ ನವೆಂಬರ್ ಎರಡನೆಯ ಶುಕ್ರವಾರ ಬೆಳಿಗ್ಗೆ 9 ಗಂಟೆಗೆ. ಏಲಂಗೆ ಕೊಡುವ ವಸ್ತುಗಳನ್ನು 8:30ರೊಳಗೆ ತಲುಪಿಸಿರಿ. ಏಲಂನ ಹಣ ಈ ವರ್ಷ ಸಂಬಳ ನಿಂತು ಊರಿಗೆ ಮರಳಲಾಗದೆ ಇರುವ ಕಾರ್ಮಿಕರ ಟಿಕೆಟ್ಟಿಗೆ ಹೋಗಲಿದೆ. ಹಿರಿಯರ ಬೀಳ್ಕೊಡುಗೆ ಅದೇ ದಿನ ಊಟಕ್ಕೆ ಮುಂಚೆ. ಮಕ್ಕಳ ಕನ್ನಡ ತರಗತಿ ಇನ್ನು ಮುಂದೆ ಶನಿವಾರ ಸಂಜೆ 5ಕ್ಕೆ. ಕ್ರಿಸ್ಮಸ್ ಗಾಯನ ಮಂಡಳಿಯ ಅಭ್ಯಾಸ ಹಬ್ಬದ ಮರುವಾರದಿಂದ ಆರಂಭ, ಗಂಡು ದನಿಗಳು ತುರ್ತಾಗಿ ಬೇಕಾಗಿವೆ. ಕಾರ್ಮಿಕರ ಕ್ಯಾಂಪಿಗೆ ಚಳಿಯ ಹೊದಿಕೆ ಒಯ್ಯಲು ದೊಡ್ಡ ವಾಹನವಿರುವ ಇಬ್ಬರು ಹೆಸರು ಕೊಡಬೇಕಾಗಿ ವಿನಂತಿ.

ನನ್ನದೂ ಒಂದು ಬೇಡಿಕೆ ಇದೆ. ಕನ್ನಡದಲ್ಲಿ ಟೈಪ್ ಮಾಡಬಲ್ಲವರು, ಕರಡು ತಿದ್ದಬಲ್ಲವರು ಯಾರಾದರೂ ತಿಂಗಳಿಗೆ ಒಂದು ಸಂಜೆಯನ್ನು ಈ ಪತ್ರಿಕೆಗೆ ಕೊಡಬೇಕು. ರಾತ್ರಿ ಪಾಳಿಯ ತಿಂಗಳುಗಳಲ್ಲಿ ಒಬ್ಬರಿಂದಲೇ ಇದು ಸಾಗುತ್ತಿಲ್ಲ, ಮತ್ತು ಇದು ನಿಲ್ಲಬಾರದೆಂಬ ಆಸೆ ನನಗೆ ಬಹಳ ಇದೆ.

ಹಬ್ಬದ ಊಟಕ್ಕೆ ನಿಮ್ಮ ಮನೆಯಲ್ಲಿ ಕೆಲಸ ಮಾಡುವವರನ್ನು, ಅವರಿಗೆ ಇಷ್ಟವಿದ್ದರೆ, ಯಾವ ಧರ್ಮದವರಾದರೂ ಸರಿ, ಕರೆದುಕೊಂಡು ಬನ್ನಿರಿ. ಅಂದು ಅವರಿಗೆ ಮಗುವನ್ನು ಎತ್ತಿಕೊಳ್ಳುವ, ಬಡಿಸುವ ಕೆಲಸ ಹೇಳದೆ, ನಿಮ್ಮ ಪಂಕ್ತಿಯಲ್ಲಿಯೇ ಕೂರಿಸಿರಿ. ಅಡುಗೆಯ ಸಮಿತಿಯವರು ಅಕ್ಕಿಯ ಲೆಕ್ಕಕ್ಕಾಗಿ ಹಬ್ಬಕ್ಕೆ ಮುಂಚಿನ ಬುಧವಾರದೊಳಗೆ ತಲೆಗಳ ಸಂಖ್ಯೆ ಕೇಳಿದ್ದಾರೆ. ಹೇಳುವಾಗ ಅವರನ್ನೂ ಸೇರಿಸಿ ಹೇಳಿರಿ.

ಸಂಪಾದಕಿ