ಡೈವರ್ ಕೆಳಗಿದ್ದಾಗ ಹಳದಿ ದೀಪ

ಮಾನ್ಯ ಸಂಪಾದಕರೇ,

ನೇತ್ರಾಣಿಯಲ್ಲಿ ಡೈವಿಂಗ್ ಕಲಿತ ಹುಡುಗರು ಈಗ ತೈಲಬಾವಿಗಳ ಕಡೆ ಕೆಲಸ ಹುಡುಕುತ್ತಿದ್ದಾರೆ ಎಂಬ ವರದಿ ಓದಿ ಖುಷಿಯಾಯಿತು. ಅದರಲ್ಲಿ ಆಳದ ಮಾತಿತ್ತು, ಸಂಬಳದ ಮಾತೂ ಇತ್ತು. ಮೇಲೆ ನಿಲ್ಲುವ ಹಡಗಿನ ಸುದ್ದಿಯೇ ಇರಲಿಲ್ಲ.

ಮುಂಬೈ ಆಚೆಯ ಸಮುದ್ರದ ತೈಲಕ್ಷೇತ್ರ ಬಾಂಬೆ ಹೈನಲ್ಲಿ ಹನ್ನೊಂದು ವರ್ಷ ಡೈವರ್‌ಗಳ ಅಂಬಿಲಿಕಲ್ ಹಿಡಿದವನು ನಾನು. ಉಸಿರು, ಮಾತು ಎಲ್ಲ ಕೆಳಗೆ ಹೋಗುವ ಕೊಳವೆಗಳ ಕಟ್ಟು ಅದು. ಡೈವರ್ ಮೇಲೆ ನಿಲ್ಲುವುದು ಡಿಪಿ, ಅಂದರೆ ಡೈನಾಮಿಕ್ ಪೊಸಿಷನಿಂಗ್ ಹಡಗು. ಅದು ಲಂಗರು ಹಾಕುವುದಿಲ್ಲ. ಉಪಗ್ರಹ, ತಳಕ್ಕೆ ಇಳಿಬಿಟ್ಟ ಭಾರದ ತಂತಿ, ನೀರೊಳಗೆ ಕಳಿಸುವ ಸದ್ದು, ಇವುಗಳಿಂದ ಕಂಪ್ಯೂಟರ್ ಜಾಗ ಲೆಕ್ಕ ಹಾಕುತ್ತದೆ. ಥ್ರಸ್ಟರ್, ಅಂದರೆ ಹಡಗನ್ನು ತಳ್ಳುವ ಪಂಖ ತಿರುಗಿಸಿ ಹಡಗನ್ನು ಅಲ್ಲೇ ನಿಲ್ಲಿಸುತ್ತದೆ. ಆ ಥ್ರಸ್ಟರ್‌ಗೆ ಡೈವರ್ ಸಿಗಬಾರದು ಅಲ್ವಾ? ಅದಕ್ಕೇ ಹತ್ತಿರದ ಥ್ರಸ್ಟರ್‌ವರೆಗಿನ ದೂರ ಅಳೆದು, ಅದಕ್ಕಿಂತ 5 ಮೀಟರ್ ಕಡಿಮೆ ಅಂಬಿಲಿಕಲ್ ಬಿಡಬೇಕು. ಟೇಪ್ ಸುತ್ತಿ ಗುರುತು ಮಾಡುವುದು ನನ್ನ ಕೆಲಸ. ಒದ್ದೆ ಕೈಯಲ್ಲಿ ಎಣಿಸುತ್ತಿದ್ದೆ, ಮತ್ತೆ ಎಣಿಸುತ್ತಿದ್ದೆ. ಸೂಪರ್‌ವೈಸರ್ ಸರಿ ಎಂದರೂ ನನಗೇ ಸಮಾಧಾನ ಆಗುತ್ತಿರಲಿಲ್ಲ.

ಒಂದು ಸಂಜೆ ಹಳದಿ ದೀಪ ಹತ್ತಿತು. ತಳದ ತಂತಿ ಕೈಕೊಟ್ಟಿತ್ತು. ಹಳದಿ ಅಂದರೆ ಹಡಗು ಜಾಗ ಬಿಡಬಹುದು ಎಂಬ ಎಚ್ಚರಿಕೆ. ಡೈವರ್ ಕೆಲಸ ಬಿಟ್ಟು, ತನ್ನನ್ನು ಇಳಿಸಿ ಎತ್ತುವ ಬಾಸ್ಕೆಟ್‌ಗೆ ಬರಬೇಕು. ಪೈಪು ಜೋಡಿಸುವ ಫ್ಲೇಂಜಿಗೆ ಎರಡು ಬೋಲ್ಟ್ ಬಾಕಿ. ‘ಎರಡೇ ಅಲ್ವಾ, ಮುಗಿಸಿ ಬರಲಿ’ ಎಂದರು ಕೆಲಸ ಕೊಟ್ಟ ಕಂಪನಿಯವರು. ನಮ್ಮ ಸೂಪರ್‌ವೈಸರ್ ಕೇಳಲಿಲ್ಲ, ಕರೆಸಿಯೇಬಿಟ್ಟರು. ಹಡಗು ಒಂದಡಿಯೂ ಅಲುಗಲಿಲ್ಲ ಅನ್ನಿ. ಮರುದಿನದ ವರದಿಯಲ್ಲಿ ‘ಎರಡು ಗಂಟೆ ನಷ್ಟ’ ಎಂದು ನಮ್ಮ ಲೆಕ್ಕಕ್ಕೆ ಬಿತ್ತು.

2012ರ ಸೆಪ್ಟೆಂಬರ್‌ನಲ್ಲಿ ಉತ್ತರ ಸಮುದ್ರದಲ್ಲಿ ಬಿಬ್ಬಿ ಟೋಪಾಝ್ ಹಡಗಿನ ಡಿಪಿ ಕೈಕೊಟ್ಟಿತು. ಹಡಗು ತೇಲಿಹೋಯಿತು. ಕೆಳಗಿದ್ದ ಕ್ರಿಸ್ ಲೆಮನ್ಸ್ ಅವರ ಅಂಬಿಲಿಕಲ್ ಕಬ್ಬಿಣಕ್ಕೆ ಸಿಕ್ಕಿ ತುಂಡಾಯಿತು. ಬೆನ್ನಿನ ಬಾಟಲಿಯಲ್ಲಿ ಕೆಲವೇ ನಿಮಿಷದ ಗ್ಯಾಸ್. ಅವರನ್ನು ಬೆಲ್‌ಗೆ, ಅಂದರೆ ಡೈವರ್‌ಗಳನ್ನು ಇಳಿಸುವ ಮುಚ್ಚಿದ ಗೂಡಿಗೆ ತರುವಷ್ಟರಲ್ಲಿ ಅರ್ಧ ಗಂಟೆ ದಾಟಿತ್ತು. ಬದುಕಿದ್ದು ಪವಾಡವೇ. ಆ ಸುದ್ದಿ ಓದಿದಾಗ ನನಗೆ ನೆನಪಾದದ್ದು ಆ ಎರಡು ಬೋಲ್ಟ್.

ಗುತ್ತಿಗೆ ಬರೆಯುವವರಲ್ಲಿ ಒಂದೇ ಕೋರಿಕೆ. ಹಳದಿ ದೀಪಕ್ಕೆ ಡೈವರನ್ನು ಕರೆಸಿದ ಹೊತ್ತನ್ನು ನಷ್ಟದ ಕಾಲಮ್ಮಿಗೆ ಹಾಕಬೇಡಿ. ಹಾಗೆ ಹಾಕಿದರೆ ಮುಂದಿನ ಸಲ ಕರೆಯುವವನ ಬಾಯಿ ತಡೆಯುತ್ತದೆ.

ಹುಡುಗರೇ, ಸಂಬಳ ಆಮೇಲೆ ಕೇಳಿ. ಹಡಗು ಡಿಪಿ ಕ್ಲಾಸ್ 2 ಹೌದಾ, ಅಂದರೆ ಒಂದು ಯಂತ್ರ ಕೆಟ್ಟರೂ ಜಾಗ ಬಿಡದಂಥದ್ದಾ, ವರ್ಷಕ್ಕೊಮ್ಮೆ ಮಾಡುವ ಡಿಪಿ ಪರೀಕ್ಷೆ ಯಾವಾಗ ಆಯಿತು, ಮೊದಲು ಅದನ್ನು ಕೇಳಿ.

– ನಿವೃತ್ತ ಡೈವ್ ಟೆಂಡರ್, ಮಲ್ಪೆ