ನಮ್ಮ ಹನ್ನೊಂದು ಗಂಟೆಯ ಬ್ಯಾಚ್ ವಾಪಸ್ ಕೊಡಿ

ಸಂಪಾದಕರಿಗೆ ನಮಸ್ಕಾರ.

ಬೇಸಿಗೆ ರಜೆ ಬಂತೆಂದರೆ ಪತ್ರಿಕೆಯ ಜಿಲ್ಲಾ ಪುಟ ತೆರೆಯಲು ನನಗೆ ಕೈ ಬರುವುದಿಲ್ಲ. ಕೆರೆಯಲ್ಲಿ ಇಬ್ಬರು, ಕೃಷಿ ಹೊಂಡದಲ್ಲಿ ಮೂವರು, ಹೊಳೆಯಲ್ಲಿ ಒಬ್ಬ. ಸುದ್ದಿಯ ಕೊನೆಯಲ್ಲಿ ಅದೇ ಸಾಲು, 'ಈಜು ಬಾರದ ಕಾರಣ'. ಆಮೇಲೆ ಓದುಗರ ಪತ್ರಗಳು ಬರುತ್ತವೆ. ಬೇಲಿ ಹಾಕಿ, ಬೋರ್ಡು ಹಾಕಿ, ಮಕ್ಕಳನ್ನು ನೀರಿನ ಹತ್ತಿರ ಬಿಡಬೇಡಿ. ಬೇಲಿ ಬೇಕು, ನನ್ನ ತಕರಾರಿಲ್ಲ. ಆದರೆ 'ನೀರಿನ ಹತ್ತಿರ ಹೋಗಬೇಡ' ಎಂಬ ಒಂದೇ ಮಾತಿನ ಮೇಲೆ 53 ವರ್ಷ ಬದುಕಿದವಳು ನಾನು. ಆ ಮಾತು ಏನು ಮಾಡುತ್ತದೆ ಎಂದು ನನಗೆ ಗೊತ್ತು. ಅದಕ್ಕೇ ಈ ಪತ್ರ. ಜೊತೆಗೆ ನಮ್ಮೂರಿನ ಈಜುಕೊಳದಲ್ಲಿ ಹೆಂಗಸರ ಬ್ಯಾಚ್ ನಿಲ್ಲಿಸಿದ ಬಗ್ಗೆ ಒಂದು ದೂರೂ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ನನ್ನ ತವರು ತೀರ್ಥಹಳ್ಳಿ ಕಡೆ. ಎಳ್ಳಮಾವಾಸ್ಯೆ ಜಾತ್ರೆಗೆ ಅಲ್ಲಿ ತುಂಗೆಯಲ್ಲಿ ತೀರ್ಥಸ್ನಾನಕ್ಕೆ ಜನವೋ ಜನ. ನನಗಾಗ ಏಳು ವರ್ಷ. ಅಮ್ಮನ ಸೆರಗು ಹಿಡಿದು ಬಂಡೆಯ ಮೇಲೆ ನಿಂತಿದ್ದೆ. ಪಾಚಿ ಇತ್ತೋ ಏನೋ, ಕಾಲು ಜಾರಿತು. ಮೂಗಿನೊಳಗೆ ನೀರು, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಕಣ್ಣೆದುರು ಬರೀ ಹಸಿರು. ನಾಲ್ಕೈದು ಸೆಕೆಂಡ್ ಇರಬಹುದು ಅಷ್ಟೆ. ಅಮ್ಮ ಜಡೆ ಹಿಡಿದು ಎಳೆದಳು. ಮೊದಲು ಕೆನ್ನೆಗೆ ಎರಡು ಬಿಟ್ಟಳು. ಆಮೇಲೆ ಅಲ್ಲೇ ಕೂತು ಅತ್ತಳು. ಅವತ್ತಿನಿಂದ ನನಗೆ ಹೊಳೆ ಎಂದರೆ ತಂಬಿಗೆಯಲ್ಲಿ ಎಷ್ಟು ಬರುತ್ತದೋ ಅಷ್ಟು.

ನಮ್ಮ ಕಡೆ 'ತುಂಗಾ ಪಾನ, ಗಂಗಾ ಸ್ನಾನ' ಎನ್ನುತ್ತಾರಲ್ಲ, ಆ ಮಾತು ನನಗೆ ಬಹಳ ಅನುಕೂಲವಾಯಿತು. ಯಾರಾದರೂ ಹೊಳೆಗೆ ಇಳಿ ಎಂದರೆ, ತುಂಗೆ ಕುಡಿಯುವುದಕ್ಕೆ ಕಣ್ರೀ, ಮೀಯುವುದಕ್ಕಲ್ಲ ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಅಣ್ಣಂದಿರು ಬಾಳೆದಿಂಡು ಹಿಡಿದುಕೊಂಡು ಕೆರೆಯಲ್ಲಿ ಈಜು ಕಲಿತರು. ನಮಗೆ, ಅಂದರೆ ಹುಡುಗಿಯರಿಗೆ, ಅದೇ ಕೆರೆಯ ದಡದಲ್ಲಿ ಬಟ್ಟೆ ಒಗೆಯುವ ಕೆಲಸ. ನೀರಿನ ಹತ್ತಿರ ನಾವೇ ಅವರಿಗಿಂತ ಜಾಸ್ತಿ ಹೊತ್ತು ಇರುತ್ತಿದ್ದೆವು. ಆದರೂ ಕಲಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಆಮೇಲೆ ಶಿವಮೊಗ್ಗಕ್ಕೆ ಬಂದು ಹೈಸ್ಕೂಲಿನಲ್ಲಿ 31 ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದೆ. ಗಂಗಾಮೂಲದಲ್ಲಿ ಹುಟ್ಟುವ ತುಂಗೆ, ಕೂಡಲಿಯಲ್ಲಿ ಭದ್ರೆಯನ್ನು ಸೇರಿ ತುಂಗಭದ್ರೆಯಾಗುತ್ತಾಳೆ, ಮುಂದೆ ಕೃಷ್ಣೆಗೆ ಸೇರುತ್ತಾಳೆ ಎಂದು ಬೋರ್ಡಿನ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಎಷ್ಟು ಸಲ ಬರೆದೆನೋ. ಸೀಮೆಸುಣ್ಣದ ತುಂಗೆ ಬಿಟ್ಟು ಬೇರೆ ತುಂಗೆಯನ್ನು ಮುಟ್ಟಿದವಳಲ್ಲ. ಪ್ರವಾಸಕ್ಕೆ ಮುರ್ಡೇಶ್ವರಕ್ಕೆ ಹೋದರೆ ಮಕ್ಕಳೂ ಉಳಿದ ಟೀಚರುಗಳೂ ಅಲೆಗೆ ಓಡುತ್ತಿದ್ದರು. ನಾನು ಮರಳಿನ ಮೇಲೆ ಕೂತು ಎಲ್ಲರ ಚಪ್ಪಲಿ, ಕನ್ನಡಕ, ವಾಚು ಕಾಯುತ್ತಿದ್ದೆ. 'ಚಪ್ಪಲಿ ಟೀಚರ್' ಎಂದು ಮಕ್ಕಳು ಹಿಂದಿನಿಂದ ಕರೆಯುತ್ತಿದ್ದದ್ದು ನನಗೆ ಗೊತ್ತಿತ್ತು. ಸುಮ್ನೆ ಇದ್ದೆ.

ನೀರಿಗೆ ಇಳಿದದ್ದು ಧೈರ್ಯದಿಂದಲ್ಲ, ಮಂಡಿ ನೋವಿನಿಂದ. 60ಕ್ಕೆ ನಿವೃತ್ತಿ ಆಯಿತು, ಅದೇ ವರ್ಷ ಮಂಡಿಯೂ ಕೈಕೊಟ್ಟಿತು. ನೀರಿನಲ್ಲಿ ನಡೆಯಿರಿ, ಅಲ್ಲಿ ಮೈಭಾರವನ್ನು ನೀರೇ ಹೊರುತ್ತದೆ, ಮಂಡಿಗೆ ಆರಾಮ ಎಂದರು ಡಾಕ್ಟರು. ಬೇರೆ ದಾರಿ ಇಲ್ವಾ ಎಂದೆ. ಮಾತ್ರೆ ಇದೆ, ಆಪರೇಷನ್ ಇದೆ ಎಂದರು. ಮೂರರಲ್ಲಿ ಯಾವುದಕ್ಕೆ ಕಡಿಮೆ ಹೆದರಿಕೆ ಎಂದು ಲೆಕ್ಕ ಹಾಕಿದೆ. ನಮ್ಮೂರಿನ ಒಂದು ಈಜುಕೊಳದಲ್ಲಿ ಬೆಳಗ್ಗೆ ಹನ್ನೊಂದಕ್ಕೆ ಹೆಂಗಸರ ಬ್ಯಾಚ್ ಇದೆ ಎಂದು ಗೊತ್ತಾಯಿತು. ಅಡುಗೆ, ತಿಂಡಿ, ಮೊಮ್ಮಗಳ ಸ್ಕೂಲ್ ವ್ಯಾನ್ ಎಲ್ಲ ಮುಗಿದ ಮೇಲಿನ ಹೊತ್ತು.

ನೀರಿಗಿಂತ ಮೊದಲು ಬಟ್ಟೆಯ ಹೆದರಿಕೆ. ಸೊಸೆ ಮೊಬೈಲಿನಲ್ಲಿ ತೋಳು ತುಂಬಿದ, ಮಂಡಿಯವರೆಗೆ ಬರುವ ಕಪ್ಪು ಡ್ರೆಸ್ ತರಿಸಿದಳು. ಜೊತೆಗೊಂದು ರಬ್ಬರ್ ಟೋಪಿ. ಹಾಕಿಕೊಂಡು ಕನ್ನಡಿ ನೋಡಿದೆ, ನೇರಳೆ ಹಣ್ಣಿನ ಹಾಗೆ ಕಂಡೆ. ಬಟ್ಟೆ ಬದಲಿಸುವ ಕೋಣೆಯಿಂದ ಕೊಳಕ್ಕೆ ಇಪ್ಪತ್ತೆರಡು ಹೆಜ್ಜೆ. ಎಣಿಸಿದ್ದೇನೆ. ಟವೆಲ್ ಸುತ್ತಿಕೊಂಡು ಆ ಇಪ್ಪತ್ತೆರಡು ಹೆಜ್ಜೆ ನಡೆಯುವಾಗ ಎದೆ ಹೊಡೆದುಕೊಂಡಷ್ಟು ನೀರಿನೊಳಗೆ ಹೊಡೆದುಕೊಳ್ಳಲಿಲ್ಲ. ಅಲ್ಲಿ ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಉಳಿದ ಹೆಂಗಸರಿಗೂ ಅವರವರದೇ ಚಿಂತೆ ಇತ್ತು.

ಕಲಿಸುವ ಹುಡುಗಿಗೆ ಇಪ್ಪತ್ನಾಲ್ಕು ವರ್ಷ. ನನ್ನ ವಿದ್ಯಾರ್ಥಿನಿಯರಿಗಿಂತ ಚಿಕ್ಕವಳು. ಮೊದಲ ವಾರ ಈಜಿನ ಸುದ್ದಿಯೇ ಇಲ್ಲ. ಮೆಟ್ಟಿಲ ಮೇಲೆ ಕೂತು, ಬಾಯಿಂದ ಉಸಿರು ತೆಗೆದುಕೊಂಡು, ಮುಖ ನೀರೊಳಗಿಟ್ಟು ಮೂಗಿನಿಂದ ಬಿಡುವುದು. ಗುಳುಗುಳು ಗುಳ್ಳೆ. ನಾವು ಹೆದರಿದಾಗ ಉಸಿರು ಬಿಗಿ ಹಿಡಿಯುತ್ತೇವೆ ಅಲ್ವಾ, ತಪ್ಪು ಅಲ್ಲೇ ಶುರುವಾಗುತ್ತದಂತೆ. ನೀರೊಳಗೆ ಉಸಿರು ಬಿಟ್ಟುಬಂದರೆ ಮೇಲೆ ಬಂದ ತಕ್ಷಣ ತೆಗೆದುಕೊಳ್ಳಲು ಜಾಗ ಇರುತ್ತದೆ. ಬಿಡದೆ ಬಂದರೆ, ಬಿಡುವುದು ತೆಗೆದುಕೊಳ್ಳುವುದು ಎರಡೂ ಒಂದೇ ಕ್ಷಣದಲ್ಲಿ ಆಗಬೇಕು. ಆಗಲೇ ನೀರು ಕುಡಿಯುವುದು. ಮೊದಲ ದಿನ ಮುಖ ಮುಳುಗಿಸಿದಾಗ ಅದೇ ಹಸಿರು ಕಂಡಿತು, ಅದೇ ಗುಂಯ್ ಸದ್ದು. ತಟಕ್ಕನೆ ಮೇಲೆದ್ದೆ. ಬ್ಯಾಗ್ ತೆಗೆದುಕೊಂಡು ಮನೆಗೆ ಹೋಗಿಬಿಟ್ಟೆ. ಫೀಸು ವಾಪಸ್ ಕೊಡುವುದಿಲ್ಲ ಎಂದಿದ್ದರು. ಮರುದಿನ ಹೋದದ್ದಕ್ಕೆ ನಿಜವಾದ ಕಾರಣ ಅದು.

ಎಂಟನೆಯ ದಿನವೋ ಒಂಬತ್ತನೆಯ ದಿನವೋ, ಆ ಹುಡುಗಿ ಹೇಳಿದಳು, 'ಅಮ್ಮಾ, ಇವತ್ತು ಈಜಬೇಡಿ. ಮುಳುಗಿ. ತಳದಲ್ಲಿ ಹೋಗಿ ಕೂತ್ಕೊಳ್ಳಿ.' ಮೂರೂವರೆ ಅಡಿ ನೀರು, ನನ್ನ ಸೊಂಟದ ಮೇಲೆ ಸ್ವಲ್ಪ. ಇದೇನು ಹುಚ್ಚು ಎಂದುಕೊಂಡೆ. ಉಸಿರು ತುಂಬಿಕೊಂಡು, ಮಂಡಿ ಮಡಚಿ ಎರಡೂ ಕೈಯಲ್ಲಿ ತಬ್ಬಿಕೊಂಡು ಕೂರಲು ಹೋದೆ. ಕೂರಲು ಆಗಲಿಲ್ಲ! ಬೆನ್ನು ತಾನೇ ಮೇಲಕ್ಕೆ ಬಂತು. ಇನ್ನೊಂದು ಸಲ ನೋಡಿದೆ, ಜೋರಾಗಿ ಕೆಳಗೆ ಒತ್ತಿಕೊಂಡೆ. ಚೆಂಡನ್ನು ಬಕೆಟ್ಟಿನಲ್ಲಿ ಅದುಮಿದರೆ ಮೇಲೆ ಚಿಮ್ಮುತ್ತದಲ್ಲ, ಹಾಗೆ. ಮುಳುಗುತ್ತೇನೆ ಎಂದು 53 ವರ್ಷ ಹೆದರಿದವಳು, ಬೇಕೆಂದೇ ಮುಳುಗಲು ಹೋದರೆ ನೀರು ಬಿಡುತ್ತಿಲ್ಲ. ನಾನು ನೀರಿನಲ್ಲೇ ನಿಂತು ನಕ್ಕೆ. ಎಷ್ಟು ನಕ್ಕೆ ಎಂದರೆ ಪಕ್ಕದ ಹೆಂಗಸು ಏನಾಯ್ತು ಎಂದು ಹಿಡಿದುಕೊಳ್ಳಲು ಬಂದಳು.

ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರಿಗೆ ಫೋನ್ ಮಾಡಿ ಕೇಳಿದೆ. ಶ್ವಾಸಕೋಶದಲ್ಲಿ ಗಾಳಿ ತುಂಬಿದ್ದರೆ ಹೆಚ್ಚಿನವರ ದೇಹ ನೀರಿಗಿಂತ ಸ್ವಲ್ಪ ಹಗುರ, ಕೊಬ್ಬಿದ್ದರೆ ಇನ್ನೂ ಹಗುರ, ಆದ್ದರಿಂದ ನಿಮಗೇನೂ ಚಿಂತೆ ಇಲ್ಲ ಮೇಡಂ ಎಂದರು. ತಮಾಷೆಗೆ ಹೇಳಿದ್ದು, ಇರಲಿ. ಮತ್ತೆ ಜನ ಮುಳುಗುವುದು ಯಾಕೆ ಎಂದೆ. ಹಗುರ ಎಂದರೆ ಬಹಳ ಹಗುರವೇನಲ್ಲ, ನೀರಿನ ಮೇಲೆ ಉಳಿಯುವುದು ಮೈಯ ಒಂದು ಸಣ್ಣ ಭಾಗ ಮಾತ್ರ. ಗಾಬರಿಯಾದವರು ಕೈ ಮೇಲೆತ್ತುತ್ತಾರೆ. ಕೈ ಮೇಲೆ ಹೋದಷ್ಟು ತಲೆ ಕೆಳಗೆ. ಮುಖ ಮೇಲೆ ಮಾಡಿ, ಕೈಕಾಲು ಸಡಿಲ ಬಿಟ್ಟು ಮಲಗಿದರೆ ಮೂಗು ಹೊರಗೆ ಉಳಿಯುತ್ತದೆ ಎಂದರು. ಇಷ್ಟು ಸಣ್ಣ ವಿಷಯ. 31 ವರ್ಷ ಅದೇ ಮೇಷ್ಟ್ರ ಪಕ್ಕದ ಕುರ್ಚಿಯಲ್ಲಿ ಕೂತು ಚಹಾ ಕುಡಿದಿದ್ದೇನೆ, ಒಂದು ದಿನವೂ ಕೇಳಲಿಲ್ಲ.

ಮೂರು ತಿಂಗಳಿಗೆ 25 ಮೀಟರ್ ದಾಟಿದೆ, ಮಧ್ಯೆ ಒಂದು ಸಲ ಕಂಬಿ ಹಿಡಿದು. ತಳ ಜಾರುತ್ತಾ ಹೋಗಿ ಕಾಲಿಗೆ ಏನೂ ಸಿಗದ ಜಾಗದಲ್ಲಿ ಈಗಲೂ ಎದೆ ಝಲ್ಲೆನ್ನುತ್ತದೆ. ಹೆದರಿಕೆ ಹೋಗಿಲ್ಲ. ಆದರೆ ಈಗ ಅದಕ್ಕೆ ಒಂದು ಅಳತೆ ಬಂದಿದೆ. ಮೊದಲು ತಂಬಿಗೆಯ ಆಚೆ ಇರುವುದೆಲ್ಲ ಹೆದರಿಕೆ. ಈಗ ಎಲ್ಲಿ ಹೆದರಬೇಕು ಎಂದು ಗೊತ್ತು. ಉದಾಹರಣೆಗೆ, ಮಳೆಗಾಲದ ತುಂಗೆಗೆ ನಾನು ಇಳಿಯುವುದಿಲ್ಲ. ಕೊಳದ ಈಜೇ ಬೇರೆ, ಹೊಳೆಯ ಸೆಳವೇ ಬೇರೆ. ಕಳೆದ ತಿಂಗಳು ಸಕ್ರೆಬೈಲಿಗೆ ಹೋಗಿದ್ದೆವು. ಆನೆಗಳು ಹಿನ್ನೀರಿನಲ್ಲಿ ಪಕ್ಕಕ್ಕೆ ಒರಗಿ ಮಲಗಿದ್ದವು, ಮಾವುತರು ಉಜ್ಜುತ್ತಿದ್ದರು. ಮೊಮ್ಮಗಳು, 'ಅಜ್ಜಿ, ಅದೂ ನಿನ್ನ ಹಾಗೇ ತೇಲುತ್ತೆ' ಎಂದಳು. ಎಲ್ಲರೆದುರು ಹೇಳಬೇಕಿರಲಿಲ್ಲ.

ಈಗ ನಾನು ಮುಖ್ಯ ಎಂದುಕೊಂಡಿರುವ ಮಾತು. ನಾನು ಈಜಿಗೆ ಸೇರಿದ ಸಂಜೆ ಮಗನಿಗೆ ಹೇಳಿದೆ. ಅವನಿಗೀಗ 34. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಮ್ಮ, ನನಗೆ ಈಜು ಬರುತ್ತೆ' ಎಂದ. ಯಾವಾಗ ಕಲಿತೆ? ಏಳನೇ ಕ್ಲಾಸಿನಲ್ಲಿ, ತುಂಗಾ ನಾಲೆಯಲ್ಲಿ, ಟ್ಯೂಷನ್ ತಪ್ಪಿಸಿ. ಕಲಿಸುವವರು ಯಾರೂ ಇಲ್ಲ. ನಾಲ್ಕು ಹುಡುಗರು. ತಲೆ ಒಣಗುವವರೆಗೆ ಬಿಸಿಲಲ್ಲಿ ನಿಂತು ಮನೆಗೆ ಬರುತ್ತಿದ್ದರಂತೆ. ನನ್ನ ಕೈಕಾಲು ತಣ್ಣಗಾಯಿತು. ನಾಲೆಯ ಅಂಚು ಜಾರುತ್ತದೆ, ಹಿಡಿಯಲು ಏನೂ ಸಿಗುವುದಿಲ್ಲ, ಮೇಲಿಂದ ನೀರು ಬಿಟ್ಟರೆ ಸೆಳೆತ. ನೀರಿಗೆ ಹೋಗಬೇಡ ಎಂದು ನಾನು ಹೇಳಿದ್ದರಿಂದ ಅವನು ಹೋಗದೆ ಉಳಿಯಲಿಲ್ಲ. ನನಗೆ ಹೇಳದೆ ಹೋದ, ಅಷ್ಟೇ. ಅವನು ಬದುಕಿದ್ದು ನನ್ನ ಹೆದರಿಕೆಯಿಂದ ಅಲ್ಲ, ಅವನ ಅದೃಷ್ಟದಿಂದ. ನಿಮ್ಮ ಜಿಲ್ಲಾ ಪುಟದ ಮಕ್ಕಳೂ ಹೆಚ್ಚಿನವರು ಹೇಳದೆ ಹೋದವರೇ ಇರುತ್ತಾರೆ.

ಬೆಂಗಳೂರಿನ ನಿಶಾ ಮಿಲ್ಲೆಟ್ 2000ರಲ್ಲಿ ಸಿಡ್ನಿ ಒಲಿಂಪಿಕ್ಸ್‌ಗೆ ಹೋದ ಈಜುಗಾರ್ತಿ. ಐದು ವರ್ಷದವರಿದ್ದಾಗ ಅವರೂ ಮುಳುಗಿ ಹೋಗುವುದರಲ್ಲಿದ್ದರಂತೆ. ಅವರ ಅಪ್ಪ ಮಗಳನ್ನು ನೀರಿನಿಂದ ದೂರ ಇಡಲಿಲ್ಲ, ಈಜು ಕಲಿಸಿದರು. ನನ್ನ ಅಮ್ಮನನ್ನು ದೂರುವುದಿಲ್ಲ. ಅವಳಿಗೂ ಈಜು ಬರುತ್ತಿರಲಿಲ್ಲ, ಪಾಪ. ಅವತ್ತು ಇನ್ನೊಂದು ಹೆಜ್ಜೆ ಆಚೆ ಜಾರಿದ್ದರೆ ಇಬ್ಬರೂ ಹೋಗುತ್ತಿದ್ದೆವು. ಈಜು ಬಾರದವಳು ಕಲಿಸುವುದಾದರೂ ಏನನ್ನು? ತನ್ನಲ್ಲಿದ್ದದ್ದನ್ನು ಕೊಟ್ಟಳು. ನಾನು ಅದನ್ನೇ ಮಗನಿಗೆ ಕೊಡಲು ಹೋದೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ ದೇಶದಲ್ಲಿ ವರ್ಷಕ್ಕೆ 30 ಸಾವಿರಕ್ಕಿಂತ ಜಾಸ್ತಿ ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ. ವಿಶ್ವಸಂಸ್ಥೆ 2021ರಲ್ಲಿ ಜುಲೈ 25 ಅನ್ನು ಇದನ್ನು ತಡೆಯುವ ದಿನವೆಂದೇ ಗೊತ್ತುಮಾಡಿತು. ಆ ದಿನ ಶಾಲೆಗಳಲ್ಲಿ ಭಾಷಣದ ಬದಲು ಎರಡು ವಿಷಯ ತೋರಿಸಿಕೊಟ್ಟರೆ ಸಾಕು. ಒಂದು, ಬೆನ್ನ ಮೇಲೆ ತೇಲುವುದು. ಎರಡು, ಯಾರಾದರೂ ಮುಳುಗುತ್ತಿದ್ದರೆ ತಾನೇ ಧುಮುಕದೆ ಹಗ್ಗ, ಸೀರೆ, ಉದ್ದನೆಯ ಕೋಲು, ಮುಚ್ಚಳ ಬಿಗಿದ ಖಾಲಿ ಕ್ಯಾನು, ಏನು ಸಿಕ್ಕಿದರೆ ಅದನ್ನು ಕೊಡುವುದು ಅಥವಾ ಎಸೆಯುವುದು. ಒಬ್ಬ ಜಾರಿದಾಗ ಎಳೆಯಲು ಹೋಗಿ ಮೂವರು ಹೋಗುವುದು ಇದು ಗೊತ್ತಿಲ್ಲದ್ದರಿಂದಲೇ. ಇನ್ನೊಂದು ಗೊತ್ತಿರಲಿ, ಮುಳುಗುವವರು ಸಿನಿಮಾದ ಹಾಗೆ ಕೂಗುವುದು ಕಡಿಮೆ. ಉಸಿರಿಗೇ ಹೊತ್ತಿಲ್ಲದವರು ಕೂಗುವುದು ಹೇಗೆ? ನಾನೂ ಅವತ್ತು ಕೂಗಿರಲಿಲ್ಲ.

ಇನ್ನು ದೂರು. ಏಪ್ರಿಲ್‌ನಲ್ಲಿ ಮಕ್ಕಳ ಬೇಸಿಗೆ ಶಿಬಿರ ಶುರುವಾದಾಗ ನಮ್ಮ ಹನ್ನೊಂದು ಗಂಟೆಯ ಬ್ಯಾಚ್ ನಿಲ್ಲಿಸಿದರು. ಎರಡು ತಿಂಗಳು ತಾನೇ ಎಂದು ಒಪ್ಪಿಕೊಂಡೆವು. ಶಿಬಿರ ಮುಗಿಯಿತು, ಬ್ಯಾಚ್ ಮಾತ್ರ ವಾಪಸ್ ಬರಲಿಲ್ಲ. ಕೇಳಲು ಹೋದರೆ, 'ಬೆಳಗ್ಗೆ ಆರಕ್ಕೆ ಬನ್ನಿ ಮೇಡಂ, ಎಲ್ಲರ ಜೊತೆ' ಎಂದರು. ಬೆಳಗ್ಗೆ ಆರಕ್ಕೆ ನಮ್ಮ ಮನೆಗಳಲ್ಲಿ ಒಲೆಯ ಮುಂದೆ ಯಾರಿರುತ್ತಾರೆ ಎಂದು ಆ ಪುಣ್ಯಾತ್ಮನಿಗೆ ಗೊತ್ತಿಲ್ಲವೇ? 'ಎಲ್ಲರ ಜೊತೆ' ಎಂದರೆ ಆ ಇಪ್ಪತ್ತೆರಡು ಹೆಜ್ಜೆಯನ್ನು ನಡೆಯುವ ಹೆಂಗಸರು ಎಷ್ಟು ಜನ? ಇನ್ನೊಂದು ಸಲ ಹೋದಾಗ, 'ವಯಸ್ಸಾದ ಹೆಂಗಸರು ಬರೋದೇ ಇಲ್ಲ, ಯಾರಿಗೆ ಅಂತ ಬ್ಯಾಚ್ ಇಡೋದು' ಎಂದರು. ಹನ್ನೊಂದು ಗಂಟೆಗೆ ನಾನು ಹೋಗಿ ನೋಡಿ ಬಂದಿದ್ದೇನೆ. ಕೊಳ ಖಾಲಿ. ಒಬ್ಬ ಹುಡುಗ ಬಲೆಯಲ್ಲಿ ಎಲೆ ತೆಗೆಯುತ್ತಿದ್ದ.

ಬರುವವರು ಇದ್ದಾರೆ. ಹಾಲಿನ ಬೂತ್ ನಡೆಸುವವರು ಒಬ್ಬರು, ಇಬ್ಬರು ಅಂಗನವಾಡಿಯಿಂದ ನಿವೃತ್ತರಾದವರು, ನಮ್ಮ ಬೀದಿಯ ಟೈಲರ್, ಅವಳ ಅತ್ತೆ, ಮಂಡಿ ನೋವಿನ ಮೂವರು. ಟೈಲರ್ ಎಲ್ಲರಿಗೂ ತೋಳಿನ ಡ್ರೆಸ್ ಹೊಲಿದುಕೊಡುತ್ತೇನೆ ಎಂದು ಅಳತೆ ಕೂಡ ತೆಗೆದುಕೊಂಡಿದ್ದಾಳೆ. ಎಂಟು ಹೆಸರು ಬರೆದು ಪಟ್ಟಿ ಮಾಡಿಟ್ಟಿದ್ದೇನೆ, ನನ್ನದೂ ಸೇರಿಸಿದರೆ ಒಂಬತ್ತು. ಸಂಬಂಧಪಟ್ಟವರು ಈ ಪತ್ರ ಓದಿದರೆ, ಯಾವ ಸೋಮವಾರದಿಂದ ಎಂದು ಹೇಳಲಿ.

ಇತಿ,
ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕಿ,
ಶಿವಮೊಗ್ಗ